ಹದಿನಾರರ ಕೇಸು, ಹದಿನೆಂಟರ ಸೇನಾ ಭರ್ತಿ



ಹೊಸಕೋಟೆಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದರೆ ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೇನಾ ಕೇಂದ್ರ ಸಿಗುತ್ತದೆ. ನಂದಗುಡಿ, ಸೂಲಿಬೆಲೆ, ಜಡಿಗೇನಹಳ್ಳಿ ಕಡೆಯ ಹುಡುಗನೊಬ್ಬ ಅಗ್ನಿವೀರನಾಗಲು ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. 1.6 ಕಿಲೋಮೀಟರ್ ಓಟದ ಚಿಂತೆ ಅವನಿಗಿಲ್ಲ. ಅವನನ್ನು ಕಾಡುತ್ತಿರುವುದು ಪೊಲೀಸ್ ವೆರಿಫಿಕೇಶನ್. ಹದಿನಾರನೇ ವಯಸ್ಸಿನಲ್ಲಿ ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿಬಿದ್ದಿದ್ದ. ಈಗ ಅದು ಅಡ್ಡ ಬರುತ್ತದೆಯೇ?

‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ದೊಡ್ಡವರಿಗೆ ಸರಿ. ಮಕ್ಕಳ ವಿಷಯದಲ್ಲಿ ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. 2016ರ ಜನವರಿ 15ರಂದು ಜಾರಿಗೆ ಬಂದ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ಹದಿನೆಂಟು ತುಂಬುವ ಮೊದಲು ಮಾಡಿದ ತಪ್ಪು ಬಾಲ ನ್ಯಾಯ ಮಂಡಳಿಯಲ್ಲಿ ಸಾಬೀತಾದರೂ, ಶಿಕ್ಷೆಯ ಬೆನ್ನಿಗೆ ಬರುವ ಅನರ್ಹತೆ ಆ ಮಗುವಿಗೆ ತಟ್ಟುವುದಿಲ್ಲ. ಇದಕ್ಕೊಂದು ಅಪವಾದವಿದೆ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧವನ್ನು ಹದಿನಾರು ದಾಟಿದವನು ಎಸಗಿ, ಮಕ್ಕಳ ನ್ಯಾಯಾಲಯವು ಅವನನ್ನು ವಯಸ್ಕನಂತೆಯೇ ವಿಚಾರಣೆ ಮಾಡಿ ತಪ್ಪಿತಸ್ಥನೆಂದರೆ, ಈ ರಕ್ಷಣೆ ಸಿಗದು.

ಹಾಗಾದರೆ ಠಾಣೆಯಲ್ಲಿರುವ ದಾಖಲೆಯ ಗತಿ? 2016ರ ಮಾದರಿ ನಿಯಮಗಳಂತೆ ಅದನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷದವರೆಗೆ ಕಾಪಿಟ್ಟು, ಆಮೇಲೆ ನಾಶ ಮಾಡಬೇಕು. ಅಗ್ನಿವೀರ ಭರ್ತಿಯಾದರೋ ಹದಿನೇಳೂವರೆಗೇ ಶುರು. ಅಂದರೆ ಹುಡುಗ ರ್‍ಯಾಲಿಗೆ ಹೋಗುವಾಗ ಫೈಲು ಇನ್ನೂ ಕಪಾಟಿನಲ್ಲೇ ಇರಬಹುದು. ಇಲ್ಲಿ ನೆರವಿಗೆ ಬರುವುದು 74ನೇ ಕಲಮು. ಮುಗಿದುಹೋದ ಪ್ರಕರಣದ್ದಿರಲಿ, ಇನ್ನೂ ನಡೆಯುತ್ತಿರುವ ಪ್ರಕರಣದ್ದಿರಲಿ, ಮಗುವಿನ ಯಾವ ದಾಖಲೆಯನ್ನೂ ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಲಿ, ಬೇರೆ ಕಾರಣಕ್ಕಾಗಲಿ ಹೊರಗೆಡಹುವಂತಿಲ್ಲ.

‘ನಡೆಯುತ್ತಿರುವ’ ಎಂದೂ ಹೇಳಿದೆ, ಗಮನಿಸಿ. ಆದರೆ ಈ ಬೀಗ ಇದೆಯೆಂದು ಕೇಸನ್ನು ಎಳೆಯುತ್ತ ಹೋಗುವುದು ಬೇಡ. ಮಂಡಳಿಯ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಸಣ್ಣ ಅಪರಾಧವಾದರೆ, ಆ ಅವಧಿ ಮೀರಿದ ವಿಚಾರಣೆ ಅಲ್ಲಿಗೇ ಕೊನೆಯಾಗುತ್ತದೆ. ಆದರೆ ‘ಮರ್ಯಾದೆ ಹೋಗುತ್ತದೆ, ಕೂಲಿ ತಪ್ಪುತ್ತದೆ’ ಎಂದು ಮಂಡಳಿಯ ದಿನಾಂಕಗಳನ್ನು ತಪ್ಪಿಸಿದರೆ ಮಗನ ದಾರಿಗೆ ಅಪ್ಪ ಅಮ್ಮನೇ ಕಲ್ಲು ಹಾಕಿದಂತೆ.

ಇನ್ನು ಅರ್ಜಿ. ‘ನಿಮ್ಮ ಮೇಲೆ ಎಂದಾದರೂ ಕೇಸು ದಾಖಲಾಗಿತ್ತೇ?’ ಎಂಬ ಪ್ರಶ್ನೆ ಬಂದಾಗ ಏನು ಬರೆಯುವುದು? ಅಮೆರಿಕದ ಸೇನೆ ಮೊಹರು ಹಾಕಿದ ಬಾಲಾಪರಾಧ ದಾಖಲೆಯನ್ನೂ ತಿಳಿಸಲೇಬೇಕೆನ್ನುತ್ತದೆ, ಆಮೇಲೆ ವಿನಾಯಿತಿ ಕೊಡುವುದೋ ಬೇಡವೋ ನೋಡುತ್ತದೆ. ನಮ್ಮಲ್ಲಿ ಕಾಯ್ದೆ ಹುಡುಗನ ಪರ. ಆದರೂ ಸುಳ್ಳು ಬರೆಯುವುದು ಅಪಾಯ. ಕೆಲಸಕ್ಕೆ ಸೇರುವವನು ಕೊಡುವ ಮಾಹಿತಿ ಸತ್ಯವಾಗಿರಬೇಕು ಎಂದು 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2019ರ ನವೆಂಬರ್‌ನಲ್ಲಿ ಅದೇ ಕೋರ್ಟಿನ ಮುಂದೆ ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಆಯ್ಕೆಯಾಗಿದ್ದ ಯುವಕನೊಬ್ಬನ ಪ್ರಕರಣ ಬಂತು. ಬಾಲಕನಾಗಿದ್ದಾಗ ತನ್ನ ಮೇಲಿದ್ದ, ಖುಲಾಸೆಯೂ ಆಗಿದ್ದ ಕೇಸನ್ನು ಅವನು ತಾನೇ ತಿಳಿಸಿದ್ದ. ನೇಮಕ ನಿರಾಕರಿಸಲಾಗಿತ್ತು. ತಪ್ಪು ಸಾಬೀತಾಗಿದ್ದರೂ ಆ ಕಳಂಕ ಅಳಿಸಿಹೋಗಬೇಕಾದದ್ದೇ ಎಂದು ನ್ಯಾಯಾಲಯ ಅವನ ಪರ ನಿಂತಿತು. 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಬಾಲ್ಯದ ಕೇಸನ್ನು ಹೇಳೆಂದು ಒತ್ತಾಯಿಸುವುದೇ ಖಾಸಗಿತನದ ಹಕ್ಕಿಗೆ ಧಕ್ಕೆ ಎಂದಿತು.

ಆದ್ದರಿಂದ ಪೋಷಕರಲ್ಲಿ ನನ್ನ ಕೋರಿಕೆ ಇಷ್ಟೆ. ಮಂಡಳಿ ಕರೆದ ದಿನ ಮಗನನ್ನು ಕರೆದುಕೊಂಡು ಹೋಗಿ. ಕೇಸು ಮುಗಿದ ಆದೇಶದ ಪ್ರತಿ ಪಡೆದು ಭದ್ರವಾಗಿಡಿ. ಅರ್ಜಿ ತುಂಬುವ ಮೊದಲು ವಕೀಲರ ಸಲಹೆ ಕೇಳಿ. ಮಕ್ಕಳಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಬ್ರೋಕರನ ಮಾತು ಕೇಳಿ ಸುಳ್ಳು ಪ್ರಮಾಣಪತ್ರ ಮಾತ್ರ ಮಾಡಿಸಬೇಡಿ. ಹಳೆಯ ತಪ್ಪನ್ನು ಕಾನೂನು ಮರೆಯುತ್ತದೆ, ದೊಡ್ಡವನಾದ ಮೇಲೆ ಮಾಡಿದ ಹೊಸ ಮೋಸವನ್ನು ಮರೆಯುವುದಿಲ್ಲ.