ಹೊಳೆಗೆ ಹೊರೆಯಾಗದ ದೋಣಿ

(ಮೇಲವಂಕಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ಇಂದಿನ ವಿಷಯ 'ಘಟಪ್ರಭೆಯಲ್ಲಿ ಜಲಸಾರಿಗೆ' ಎಂದು ಓದಿ ಹೇಳಿದಾಗ ಕೆಲವರು ನಕ್ಕಿರಿ. ಹಿಂದಿನ ಸಾಲಿನಿಂದ ಒಬ್ಬರು, 'ಬ್ಯಾಸಗ್ಯಾಗ ಹೊಳಿ ದಾಟಾಕ ಚಪ್ಪಲಿ ಕೈಯಾಗ ಹಿಡದ್ರ ಸಾಕು, ಇಲ್ಲೆಲ್ಲಿ ಹಡಗ ತರತೀರಿ?' ಅಂದರು. ನನ್ನ ಉಪನ್ಯಾಸದ ಅರ್ಧವನ್ನು ಅವರೇ ಮುಗಿಸಿಬಿಟ್ಟರು.

ಆದರೆ ಹಡಗು ತಂದವನು ನಾನಲ್ಲ, ಸಂಸತ್ತು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿ ಇದೆ. ನಮ್ಮ ಘಟಪ್ರಭೆ ಅದರಲ್ಲಿ 41ನೆಯದು. ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದವರೆಗೆ 112 ಕಿಲೋಮೀಟರ್ ಹೊಳೆ ಕಾಗದದ ಮೇಲೆ ಹಡಗಿನ ದಾರಿ. ಎಮ್ಮೆ ಮೈ ತೊಳೆಯುವಾಗ ನೀವು ನಿಲ್ಲುವುದು ರಾಷ್ಟ್ರೀಯ ಹೆದ್ದಾರಿಯ ತಮ್ಮನಂಥ ದಾರಿಯ ನಡುವೆ!

ಜಲಸಾರಿಗೆಯ ಪರವಾಗಿರುವ ಲೆಕ್ಕವನ್ನು ಮೊದಲು ಹೇಳಬೇಕು, ಅದು ಸುಳ್ಳಲ್ಲ. ಒಂದು ಅಶ್ವಶಕ್ತಿ ರಸ್ತೆಯ ಮೇಲೆ ಸುಮಾರು 150 ಕಿಲೋ ಭಾರ ಎಳೆದರೆ, ಹಳಿಯ ಮೇಲೆ 500 ಕಿಲೋ, ನೀರಿನ ಮೇಲೆ 4,000 ಕಿಲೋ ಎಳೆಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮುಂದಿನ ಗಾಲಿ ಎತ್ತುತ್ತ ದಿನ್ನೆ ಹತ್ತುವ ಟ್ರ್ಯಾಕ್ಟರ್ ನೋಡಿದವರಿಗೆ, ಇದೆಲ್ಲ ಹೊಳೆಯ ಮೇಲೆ ಸದ್ದಿಲ್ಲದೆ ತೇಲಿ ಹೋಗುವಂತಿದ್ದರೆ ಎಂದು ಅನ್ನಿಸದೆ ಇರದು. ಡೀಸೆಲ್ ಉಳಿದೀತು, ಹೊಗೆ ಕಡಿಮೆಯಾದೀತು, ರಸ್ತೆಯೂ ನಾಲ್ಕು ದಿನ ಹೆಚ್ಚು ಬಾಳೀತು.

ಆದರೆ ನೀರು? ನಮ್ಮ ದೇಶದಲ್ಲಿ ತೀರ ಕೆಳದರ್ಜೆಯ ಜಲಮಾರ್ಗಕ್ಕೂ 1.2 ಮೀಟರ್ ಆಳ ಬೇಕೆಂದು ಲೆಕ್ಕ. ಘಟಪ್ರಭೆ ಶ್ರಾವಣದಲ್ಲಿ ಅದರ ಎಷ್ಟೋ ಪಟ್ಟು ಏರುತ್ತಾಳೆ. 2019ರ ಆಗಸ್ಟ್‌ನಲ್ಲಿ ಲೋಳಸೂರ ಸೇತುವೆಯೇ ನೀರಿನಡಿ ಹೋಗಿತ್ತು. ಯುಗಾದಿಯ ಹೊತ್ತಿಗೆ ಅದೇ ಪಾತ್ರದಲ್ಲಿ ಬಂಡೆಗಳು ಬೆನ್ನು ಕಾಯಿಸುತ್ತವೆ. 1897ರಲ್ಲಿ ಧೂಪದಾಳದ ಒಡ್ಡು ಬಂತು, 1977ರಲ್ಲಿ 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯ ಬಂತು, ಕಾಲುವೆಗಳು ಬಂದವು. ನಮ್ಮ ಅನ್ನ ಅದರಿಂದಲೇ, ಇಲ್ಲವೆನ್ನುವುದಿಲ್ಲ. ಆದರೆ ಬೇಸಿಗೆಯಲ್ಲಿ ಹೊಳೆಯಲ್ಲಿ ಇರುವುದು ಮೇಲಿನಿಂದ ಬಿಟ್ಟಷ್ಟೇ ನೀರು. ಬಿಟ್ಟ ನೀರಿಗೆ ದಂಡೆಯ ಉದ್ದಕ್ಕೂ ಪಂಪ್‌ಸೆಟ್‌ಗಳು ಬಾಯಿ ಇಟ್ಟು ಕಾದಿರುತ್ತವೆ.

ಅದರ ಮೇಲೆ ಹೊಳೆಗೆ ಅಡ್ಡ ಕಟ್ಟಿದ ಬಾಂದಾರಗಳು. ಮಳೆಗಾಲ ಮುಗಿದ ಮೇಲೆ ಹಲಗೆ ಕೂರಿಸುವುದು, ಮುಂಗಾರಿಗೆ ಮೊದಲು ತೆಗೆಯುವುದು: ಕೊಲ್ಹಾಪುರ ಮಾದರಿ ಎಂದು ನಮಗೆಲ್ಲ ಗೊತ್ತು. ಹಲಗೆ ಕೂತರೆ ದೋಣಿ ಮುಂದೆ ಹೋಗದು, ಹಲಗೆ ತೆಗೆದರೆ ಹಿಂದಿನ ನೀರು ನಿಲ್ಲದು. ಪ್ರತಿ ಬಾಂದಾರಕ್ಕೂ ಹಡಗು ಏರಿಸಿ ಇಳಿಸುವ ಲಾಕ್ ಕಟ್ಟಿ, ತಳದ ಬಂಡೆ ಸಿಡಿಸಿ, ಮರಳು ಬಾಚಿ ಆಳ ಮಾಡಬಹುದು ಎನ್ನುವ ಎಂಜಿನಿಯರ್‌ಗಳು ಸಿಕ್ಕಾರು. ಅಷ್ಟು ಮಾಡಿದ ಮೇಲೆ ಅದು ಹೊಳೆಯಾಗಿ ಉಳಿಯುವುದಿಲ್ಲ, ಸಿಮೆಂಟ್ ತೊಟ್ಟಿಯಾಗುತ್ತದೆ. ಮರಳು ಹೋದರೆ ದಂಡೆಯ ಬಾವಿಗಳೂ ಹೋಗುತ್ತವೆ.

ಯುರೋಪಿನ ರೈನ್ ನದಿಯ ಉದಾಹರಣೆ ಕೊಟ್ಟು ಬಾಯಿ ಮುಚ್ಚಿಸುವವರಿದ್ದಾರೆ. ಆ ರೈನ್ ಕೂಡ 2018ರ ಅಕ್ಟೋಬರ್‌ನಲ್ಲಿ ಕೌಬ್ ಎಂಬಲ್ಲಿನ ಅಳತೆಗೋಲಿನಲ್ಲಿ 25 ಸೆಂಟಿಮೀಟರ್‌ಗೆ ಇಳಿದಿತ್ತು. ಹಡಗುಗಳು ಅರ್ಧಕ್ಕಿಂತ ಕಡಿಮೆ ಹೊರೆ ಹೊತ್ತು ತೆವಳಿದವು. ಹಿಮದ ಬೆಟ್ಟ ಬೆನ್ನಿಗಿರುವ ನದಿಯ ಗತಿಯೇ ಹೀಗಾದರೆ, ಮಳೆಯೊಂದನ್ನೇ ನಂಬಿದ ನಮ್ಮ ಹೊಳೆಯ ಮಾತೇನು? ಘಟಪ್ರಭೆಯಲ್ಲಿ ಸರಕಿನ ಹಡಗು ಬೇಡ. ಆ ಮಾತು ಅಲ್ಲಿಗೆ ಮುಗಿಯಲಿ.

ಮುಗಿಯದೆ ಇರುವುದು ಮೋಜಿನ ದೋಣಿ. ಅದಕ್ಕೆ ಕಾಯ್ದೆ ಬೇಕಿಲ್ಲ. ಬಾಂದಾರದ ಹಿಂದೆ ನಿಂತ ನೀರು, ಒಂದು ಎಂಜಿನ್, ನಾಲ್ಕು ರಜೆಯ ದಿನ ಸಾಕು. ಗೋಕಾಕ ಫಾಲ್ಸ್‌ಗೆ ಜನ ಬರುತ್ತಾರೆ, ಕರದಂಟು ಕೊಳ್ಳುತ್ತಾರೆ, ಬೋಟಿಂಗ್ ಎಲ್ಲಿ ಎಂದು ಕೇಳುತ್ತಾರೆ. ಕೇಳುವುದು ತಪ್ಪಲ್ಲ.

ಒಂದು ಜಲಾಶಯದಲ್ಲಿ, ಹೆಸರು ಬೇಡ, ಅಂಥ ದೋಣಿಯಲ್ಲಿ ನಾನೂ ಕುಳಿತಿದ್ದೆ. ಹಳೆಯ ಎರಡು-ಸ್ಟ್ರೋಕ್ ಎಂಜಿನ್. ದೋಣಿಯ ತಳದಲ್ಲಿ ಮೂರು ಬೆರಳು ನೀರು, ಅದರ ಮೇಲೆ ಕಪ್ಪು ಜಿಡ್ಡು. ಹುಡುಗನೊಬ್ಬ ಪ್ಲಾಸ್ಟಿಕ್ ಮಗ್‌ನಿಂದ ಅದನ್ನು ಮೊಗೆ ಮೊಗೆದು ಆಚೆ ಚೆಲ್ಲುತ್ತಿದ್ದ. ಪ್ರತಿ ಮಗ್ಗಿಗೂ ನೀರಿನ ಮೇಲೆ ನೀಲಿ-ನೇರಳೆ ಬಣ್ಣದ ಪೊರೆಯೊಂದು ಹರಡುತ್ತಿತ್ತು. ಎದುರಿಗಿದ್ದ ಮಗು 'ಕಾಮನಬಿಲ್ಲು!' ಎಂದು ಚಪ್ಪಾಳೆ ತಟ್ಟಿತು. ಆ ಬಗೆಯ ಎಂಜಿನ್ನಿನಲ್ಲಿ ಹಾಕಿದ ಇಂಧನದ ಕಾಲು ಭಾಗದವರೆಗೂ ಸುಡದೆ ಹಾಗೆಯೇ ಹೊಗೆಯ ಜೊತೆ ನೀರಿಗೆ ಹೋಗಬಲ್ಲದು. ಹುಡುಗನ ತಪ್ಪೇನೂ ಇರಲಿಲ್ಲ. ಆ ಜಿಡ್ಡನ್ನು ಬೇರೆಲ್ಲಿ ಸುರಿಯಬೇಕೆಂದು ಯಾರೂ ಅವನಿಗೆ ಜಾಗ ತೋರಿಸಿರಲಿಲ್ಲ.

ಎಣ್ಣೆ ಕಣ್ಣಿಗಾದರೂ ಕಾಣುತ್ತದೆ, ಅಲೆ ಮಾಡುವ ಹಾನಿ ಕಾಣುವುದಿಲ್ಲ. ನಮ್ಮದು ಎರಿಮಣ್ಣಿನ ದಂಡೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ವೇಗದ ದೋಣಿಯ ಅಲೆ ದಿನಕ್ಕೆ ಐವತ್ತು ಸಲ ಬಂದು ಬಡಿದರೆ ಬಿರುಕಿನೊಳಗೆ ನೀರು ಹೊಕ್ಕು ದಂಡೆ ಹೆಂಟೆ ಹೆಂಟೆಯಾಗಿ ಕಳಚುತ್ತದೆ. ಕಳಚುವುದು ಯಾರದೋ ಕಬ್ಬಿನ ಹೊಲ. ಧೂಪದಾಳದ ಹಿನ್ನೀರಿನದು ಇನ್ನೊಂದು ಕಥೆ. ಅದು ಘಟಪ್ರಭಾ ಪಕ್ಷಿಧಾಮ. ಚಳಿಗಾಲಕ್ಕೆ ದೂರದೇಶದಿಂದ ಕರ್ಕರ ಕೊಕ್ಕರೆಗಳು ಬಂದಿಳಿಯುವ ಜಾಗದಲ್ಲಿ ಎಂಜಿನ್ ಸದ್ದು ಮಾಡಿದರೆ ಅವು ದೂರು ಕೊಡುವುದಿಲ್ಲ, ಮುಂದಿನ ವರ್ಷ ಬರುವುದಿಲ್ಲ, ಅಷ್ಟೇ.

ಹಾಗಾದರೆ ದೋಣಿಯೇ ಬೇಡವೇ? ಹನ್ನೆರಡನೆಯ ಶತಮಾನದಲ್ಲೇ ಅಂಬಿಗನನ್ನು ಶರಣನನ್ನಾಗಿ ಕಂಡ ನಾಡು ಇದು. ಬೇಡ ಎನ್ನಲು ನಾನು ಯಾರು? ನಮ್ಮ ಹಿರಿಯರು ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಈಜಿದವರು. ಮಹಾಪೂರ ಬಂದಾಗ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ ನೀರಿಗೆ ನೂಕಿ ಕೂತವರು. ಬಿದಿರು ಹೆಣೆದು, ಮೊದಲು ಚರ್ಮ ಹೊದಿಸಿ, ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಡಾಂಬರು ಬಳಿದು ಮಾಡುವ ಹರಿಗೋಲು ಒಂದು ಗೇಣು ನೀರಿದ್ದರೂ ತೇಲುತ್ತದೆ. ಬಾಂದಾರ ಅಡ್ಡ ಬಂದರೆ ತಲೆಯ ಮೇಲೆ ಕವುಚಿಕೊಂಡು ದಾಟಬಹುದು. ಯಾವ ಲಾಕೂ ಬೇಡ. ಹಳೆಯದೆಲ್ಲ ಚಿನ್ನ ಎಂದು ಹೇಳುತ್ತಿಲ್ಲ: ಜೀವರಕ್ಷಕ ಜಾಕೆಟ್ ಇಲ್ಲದ ಹರಿಗೋಲಿಗೆ ನನ್ನ ಮೊಮ್ಮಗನನ್ನು ನಾನು ಹತ್ತಿಸುವುದಿಲ್ಲ.

ಹೆಚ್ಚು ಜನರನ್ನು ಒಯ್ಯಬೇಕೆಂದರೆ ಕೇರಳದ ಕಡೆ ನೋಡಿ. ವೈಕಂ ಮತ್ತು ತವಣಕ್ಕಡವು ನಡುವೆ 2017ರ ಜನವರಿಯಿಂದ 'ಆದಿತ್ಯ' ಎಂಬ 75 ಆಸನಗಳ ಸೌರದೋಣಿ ಓಡುತ್ತಿದೆ. ಛಾವಣಿಯೇ ಅದರ ಇಂಧನದ ಟ್ಯಾಂಕ್. ಕೊಚ್ಚಿಯಲ್ಲಿ 2023ರಿಂದ ಬ್ಯಾಟರಿ ದೋಣಿಗಳ ವಾಟರ್ ಮೆಟ್ರೋ ಇದೆ. ಹಿಡಕಲ್‌ನಂಥ ನಿಂತ ನೀರಿಗೆ ಒಪ್ಪುವುದು ಇಂಥವೇ, ಅದೂ ಮೆಲ್ಲಗೆ ಹೋಗುವಂಥವು.

ರೈನ್‌ನಿಂದ ಕಲಿಯಬೇಕಾದದ್ದು ಹಡಗಲ್ಲ, ಹಡಗಿನ ಕೊಳೆಗೆ ಅವರು ಮಾಡಿದ ವ್ಯವಸ್ಥೆ. ಅಲ್ಲಿನ ದೇಶಗಳು 1996ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಅದು 2009ರಲ್ಲಿ ಜಾರಿಗೆ ಬಂತು. ಹಡಗಿನವನು ಇಂಧನ ತುಂಬಿಸಿಕೊಳ್ಳುವಾಗಲೇ ಒಂದಿಷ್ಟು ಶುಲ್ಕ ಕೊಡುತ್ತಾನೆ. ಆ ಹಣದಿಂದ ತಳದ ಎಣ್ಣೆನೀರನ್ನು ತೆಗೆದುಕೊಂಡು ಹೋಗುವ ವ್ಯವಸ್ಥೆ ನಡೆಯುತ್ತದೆ. ಶುಲ್ಕ ಮೊದಲೇ ಕೊಟ್ಟಾಗಿದೆ, ಇನ್ನು ಕದ್ದು ಸುರಿದು ಉಳಿಸುವುದೇನು? ಆ ಮಗ್‌ನ ಹುಡುಗನ ಪಕ್ಕದಲ್ಲಿ ಒಂದು ಡ್ರಮ್ ಇದ್ದಿದ್ದರೆ ಸಾಕಿತ್ತು.

ನಮ್ಮಲ್ಲೂ ದಾರಿ ಇದೆ. 1917ರ ಹಳೆಯ ಕಾನೂನು ತೆಗೆದು 2021ರಲ್ಲಿ ಒಳನಾಡಿನ ಹಡಗುಗಳ ಹೊಸ ಕಾಯ್ದೆ ಬಂದಿದೆ. ಎಣ್ಣೆ, ಕೊಳಚೆ, ಕಸವನ್ನು ನೀರಿಗೆ ಬಿಡುವಂತಿಲ್ಲ ಎಂಬ ಮಾತು ಅದರಲ್ಲಿದೆ. ಎಂಜಿನ್ ಇಲ್ಲದ ದೋಣಿಗಳ ಹೆಸರು ಬರೆದುಕೊಳ್ಳುವ ಕೆಲಸವನ್ನು ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ವಹಿಸಲೂ ಅವಕಾಶವಿದೆ. ಆದರೆ ಊರ ಚರಂಡಿಯನ್ನೇ ಹೊಳೆಗೆ ತಿರುಗಿಸಿದ ನಾವು ದೋಣಿಯವನ ಮಗ್ಗಿಗೆ ದಂಡ ಹಾಕಿದರೆ ಅವನು ನಮ್ಮ ಮುಖ ನೋಡಿ ನಗುತ್ತಾನೆ. ಮೊದಲು ಚರಂಡಿ, ಆಮೇಲೆ ದೋಣಿ.

ಮೇಲವಂಕಿಯವರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ಗೊತ್ತುವಳಿ ಬರೆಸಿ: ನಮ್ಮ ದಂಡೆಯಲ್ಲಿ ಎಂಜಿನ್ ದೋಣಿ ಬೇಡ, ಹುಟ್ಟು ಹಾಕುವ ದೋಣಿ, ಹೆಚ್ಚೆಂದರೆ ಬ್ಯಾಟರಿಯದು ಸಾಕು, ಪರವಾನಗಿಯಲ್ಲಿ ಮೊದಲ ಹಕ್ಕು ಇಲ್ಲಿನ ಅಂಬಿಗರ ಮನೆಗಳಿಗೆ, ಬೇಸಿಗೆಯಲ್ಲೂ ಹೊಳೆಯಲ್ಲಿ ಇಷ್ಟು ನೀರು ಹರಿಯಲೇಬೇಕು. ಕೊನೆಯದನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಹಿಂದಿನ ಸಾಲಿನ ಅಣ್ಣನ ಸಹಿಯನ್ನು ಎಲ್ಲರಿಗಿಂತ ಮೊದಲು ಹಾಕಿಸಿ.