ಮನೆತನದ ಹೆಸರು ಗುರುತಿಗೆ, ಗರ್ವಕ್ಕಲ್ಲ


ಕೊಡಗಿನಲ್ಲಿ ವ್ಯಕ್ತಿಯ ಹೆಸರಿಗಿಂತ ಮೊದಲು ಮನೆತನದ ಹೆಸರು ಬರುತ್ತದೆ. 1949ರಲ್ಲಿ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪ, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ತಿಮ್ಮಯ್ಯ ಇಬ್ಬರೂ ಕೊಡಂದೇರ ಮನೆತನದವರು. ನಮ್ಮ ನಡುವಿನ ಕೊಡವ ಮಾಪಿಳ್ಳೆಗಳೂ ಆಲೀರ ಮುಂತಾದ ಮನೆತನದ ಹೆಸರುಗಳನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಧರ್ಮ ಬೇರೆಯಾದರೂ ಹೆಸರಿನ ಪದ್ಧತಿ ಒಂದೇ.

ಒಂದೇ ಮನೆತನದಲ್ಲಿ ಸಿರಿವಂತನೂ ಬಡವನೂ, ಸಜ್ಜನನೂ ದುರ್ಜನನೂ ಇರಬಹುದು. ಹೀಗಿರುವಾಗ ಹೆಸರು ಯಾರ ಯೋಗ್ಯತೆಯನ್ನು ಅಳೆಯಬಲ್ಲದು? ಜನಾಂಗ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ. ಶ್ರೇಷ್ಠತೆ ಇರುವುದು ಧರ್ಮನಿಷ್ಠೆಯಲ್ಲಿ ಎಂಬುದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಬೋಧನೆ. ಆದರೂ ವಿವಾಹ ಸಂಬಂಧ ಬಂದಾಗ ನಾವು ಮೊದಲು ಕೇಳುವುದು ಮನೆತನವನ್ನು. ವರನ ನಡತೆಯನ್ನು ವಿಚಾರಿಸುವುದು ಆಮೇಲೆ. ಈ ಕ್ರಮ ಬದಲಾಗಬೇಕು. ಹಿರಿಯರು ಕೊಟ್ಟ ಹೆಸರನ್ನು ಉಳಿಸಿಕೊಳ್ಳೋಣ. ಅದಕ್ಕಾಗಿ ಹೆಣ್ಣುಮಕ್ಕಳ ಬದುಕನ್ನು ಬಲಿಕೊಡದಿರೋಣ.