ಕಾವಲೂ ಶುಶ್ರೂಷೆಯೂ

ಮನೋರೋಗಿಯನ್ನು ಕಂಡರೆ ಆಸ್ಪತ್ರೆಯ ನರ್ಸಿಗೆ ಭಯವೇ, ಕನಿಕರವೇ, ಬೇಸರವೇ? ಇದನ್ನು ನಾವು ಅವರವರ ಸ್ವಭಾವದ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಚರಿತ್ರೆ ಹೇಳುವುದು ಬೇರೆ: ಒಪ್ಪಿಸಿದ ಕೆಲಸ ಹೇಗೋ ನೋಟವೂ ಹಾಗೆ.

19ನೇ ಶತಮಾನದಲ್ಲಿ ಈ ರೋಗಿಗಳ ಜೊತೆಗಿದ್ದವರು ಹೆಚ್ಚಾಗಿ ಕಾವಲಿನವರೇ. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು ಆ ಶತಮಾನದ ನಡುವಿನಲ್ಲಿ. ರೋಗಿ ತಪ್ಪಿಸಿಕೊಳ್ಳಬಾರದು, ಯಾರಿಗೂ ಏಟು ಬೀಳಬಾರದು, ಅಷ್ಟಾದರೆ ಸಾಕು ಎನ್ನುತ್ತಿದ್ದ ಕಾಲ. ಬೆಳಗ್ಗೆ ಸಂಜೆ ತಲೆ ಎಣಿಸಿ ಬೀಗ ಹಾಕುವವನಿಗೆ ರೋಗಿ ಕೈದಿಯಂತೆ ಕಂಡರೆ ಆಶ್ಚರ್ಯವಿಲ್ಲ. ಬ್ರಿಟನ್ನಿನಲ್ಲಿ 1885ರಲ್ಲಿ ಇಂಥ ಸಹಾಯಕರಿಗೆಂದೇ ಒಂದು ಕೈಪಿಡಿ ಬಂತು. 1891ರಲ್ಲಿ ಪರೀಕ್ಷೆಯೂ ಶುರುವಾಯಿತು. ಕಾವಲು ಕಲಿಯುವ ವಿದ್ಯೆಯಾಗತೊಡಗಿತು.

ನಮ್ಮಲ್ಲಿ ಅದಕ್ಕೆ ತಡವಾಯಿತು. ದೇಶದ ಆರೋಗ್ಯ ಸೇವೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟ ಹೊತ್ತಿಗೆ ಇಡೀ ದೇಶದ ಮನೋರೋಗಿಗಳಿಗೆ ಇದ್ದದ್ದು ಸುಮಾರು 10,000 ಹಾಸಿಗೆ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಅದರ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಆ ದಶಕದಲ್ಲೇ ಅಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಕೂಡ ಆರಂಭವಾಯಿತು. 1974ರಲ್ಲಿ ನಿಮ್ಹಾನ್ಸ್ ಆದದ್ದು ಇದೇ ಸಂಸ್ಥೆ, ಪಕ್ಕದ ಮಾನಸಿಕ ಆಸ್ಪತ್ರೆಯನ್ನೂ ಸೇರಿಸಿಕೊಂಡು.

ಐವತ್ತರ ದಶಕದಲ್ಲೇ ಕ್ಲೋರ್‌ಪ್ರೊಮಝೀನ್‌ನಂಥ ಔಷಧಿ ಬಂದು ರೋಗಿಗಳು ಮಾತಿಗೆ ಸಿಗತೊಡಗಿದರು. ಮಾತನಾಡಿಸುವುದೇ ನರ್ಸಿನ ಕೆಲಸ ಎಂದು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲಿ ಪುಸ್ತಕ ಬರೆದೇ ವಾದಿಸಿದ್ದರು. ವಾರ್ಡಿನಲ್ಲಿ ಇದರ ಅರ್ಥ ಸರಳ. ಮಾತ್ರೆ ಕೊಟ್ಟು, ಬಾಯಿ ತೆರೆಸಿ, ನಾಲಿಗೆಯ ಕೆಳಗೆ ಬಚ್ಚಿಟ್ಟಿಲ್ಲ ಎಂದು ನೋಡಿ ಮುಂದಿನ ಮಂಚಕ್ಕೆ ಹೋಗುವುದು ಒಂದು ರೀತಿ. ‘ಯಾಕಮ್ಮ, ಇದನ್ನ ನುಂಗಿದ್ರೆ ಏನಾಗುತ್ತೆ?’ ಎಂದು ಕೇಳಿ ಎರಡು ನಿಮಿಷ ಕೂರುವುದು ಇನ್ನೊಂದು. ಕೈ ನಡುಗುತ್ತದೆ, ಬಾಯಿ ಒಣಗುತ್ತದೆ ಎಂಬ ಉತ್ತರ ಸಿಕ್ಕಿತೆನ್ನಿ, ಅಲ್ಲಿಯವರೆಗಿನ ಹಟಮಾರಿ ರೋಗಿ ತೊಂದರೆಯಲ್ಲಿರುವ ವ್ಯಕ್ತಿಯಾಗಿ ಕಾಣುತ್ತಾಳೆ.

ಹಳೆಯ ಗೋಡೆಗಳು ಬೇಗ ಬೀಳಲಿಲ್ಲ. 1999ರ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ವರದಿ ದೇಶದ ಹಲವು ಮಾನಸಿಕ ಆಸ್ಪತ್ರೆಗಳಲ್ಲಿ ಜೈಲಿನ ಕಟ್ಟಡ, ಮುಚ್ಚಿದ ವಾರ್ಡುಗಳನ್ನು ಕಂಡಿತು. ಸಾಮಾನ್ಯ ಆಸ್ಪತ್ರೆಗಳಲ್ಲಿ ತೊಡಕು ಬೇರೆ ಥರದ್ದು. ‘ಮೆಂಟಲ್ ಕೇಸು’ ಎಂಬ ಹೆಸರು ಬಿದ್ದವರು ಎದೆ ನೋವು ಎಂದರೂ ಅದು ಕಾಯಿಲೆಯ ಭ್ರಮೆ ಎಂದು ತಳ್ಳಿಹಾಕುವ ಅಪಾಯವಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನೂ ಒಂಟಿ ಕೋಣೆಯ ಸೆರೆಯನ್ನೂ ನಿಷೇಧಿಸಿತು. ಕಟ್ಟಿಹಾಕುವುದು ಅನಿವಾರ್ಯವಾದರೆ ಅದಕ್ಕೆ ಮನೋವೈದ್ಯರ ಒಪ್ಪಿಗೆ, ದಾಖಲೆ ಎರಡೂ ಬೇಕು. ಸಿಬ್ಬಂದಿ ಸಾಲದು ಎಂಬ ನೆಪಕ್ಕೆ ಕಟ್ಟಿಹಾಕುವಂತಿಲ್ಲ ಎಂದೂ ಕಾಯ್ದೆ ಬಿಡಿಸಿ ಹೇಳಿದೆ. ಈ ಮಾತು ನರ್ಸಿಗಿಂತ ಹೆಚ್ಚಾಗಿ ಆಸ್ಪತ್ರೆ ನಡೆಸುವವರಿಗೆ ಅನ್ವಯಿಸಬೇಕು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರ ತಲೆಗೆ ಕಟ್ಟಿದರೆ ಅವರು ಮತ್ತೆ ಕಾವಲಿನವರೇ ಆಗುತ್ತಾರೆ. ನರ್ಸುಗಳ ಮನೋಭಾವ ತಿದ್ದಬೇಕು ಎನ್ನುವ ಮುಂಚೆ ಪಾಳಿಯ ಪಟ್ಟಿಯನ್ನು ತಿದ್ದಬೇಕು.